ಲಾಕ್‌ಡೌನ್ ಲೆಕ್ಕ: ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು?

ಪ್ರಶ್ನೆ: ಕೋವಿಡ್ ಲಾಕ್‌ಡೌನ್‌ನಿಂದ ಆದದ್ದು ಲಾಭವೋ ನಷ್ಟವೋ ಎಂದು ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ. ಒಂದು ಕಡೆಯವರು ಜೀವದ ಲೆಕ್ಕ ಹೇಳುತ್ತಾರೆ, ಇನ್ನೊಂದು ಕಡೆಯವರು ರೊಕ್ಕದ ಲೆಕ್ಕ. ಎರಡನ್ನೂ ಒಟ್ಟಿಗೆ ತೂಗುವುದು ಹೇಗೆ?
– ಅರ್ಥಶಾಸ್ತ್ರ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತೂಗುವುದು ಆಮೇಲೆ. ಮೊದಲು ಯಾವುದಕ್ಕೆ ಹೋಲಿಸುತ್ತಿದ್ದೀರಿ ಎಂದು ಗಟ್ಟಿ ಮಾಡಿಕೊಳ್ಳಿ. ಎರಡೂ ಕಡೆಯವರು ಎಡವುವುದು ಇಲ್ಲೇ. 2020ರ ಏಪ್ರಿಲ್‌–ಜೂನ್‌ನಲ್ಲಿ ದೇಶದ ಜಿಡಿಪಿ ಮೊದಲ ಅಂದಾಜಿನ ಪ್ರಕಾರ ಶೇ 23.9ರಷ್ಟು ಕುಸಿಯಿತು. ಅಷ್ಟನ್ನೂ ಲಾಕ್‌ಡೌನ್ ತಲೆಗೆ ಕಟ್ಟಿದರೆ, ರೋಗ ಬಂದಿದ್ದರೂ ಆದೇಶ ಇಲ್ಲದಿದ್ದರೆ ಜನ ಎಂದಿನಂತೆ ಸಂತೆ, ಸಿನಿಮಾ, ಮದುವೆಗೆ ಹೋಗುತ್ತಿದ್ದರು ಎಂದು ಒಪ್ಪಿದಂತೆ. ‘ಲಾಕ್‌ಡೌನ್ ಇಲ್ಲದಿದ್ದರೆ ಲಕ್ಷಾಂತರ ಜನ ಸಾಯುತ್ತಿದ್ದರು’ ಎನ್ನುವವರೂ ಅದೇ ಊಹೆಯ ಮೇಲೆ ನಿಂತಿದ್ದಾರೆ. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಿಮ್ಮ ಊರಿನಲ್ಲೇ, 2020ರ ಮಾರ್ಚ್ 10ರಂದು ತೀರಿಕೊಂಡ 76 ವರ್ಷದ ಹಿರಿಯರದ್ದು. ರಾಜ್ಯದಲ್ಲಿ ಮಾಲ್, ಚಿತ್ರಮಂದಿರ ಮುಚ್ಚಿದ್ದು ಮಾರ್ಚ್ 14ರಿಂದ. ದೇಶದ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಭಯ, ರಾಜ್ಯದ ನಿರ್ಬಂಧ, ಕೇಂದ್ರದ ಆದೇಶ ಮೂರನ್ನೂ ಬೇರೆ ಬೇರೆ ಇಡಿ.

ಈಗ ಒಂದು ಲೆಕ್ಕ. ಕೂಲಿ ದರ ಬಿಟ್ಟರೆ ಅಂಕಿಗಳೆಲ್ಲ ಊಹೆ, ದಾರಿ ತಿಳಿಯಲೆಂದು. 10,000 ಜನರ ಊರು, ಅದರಲ್ಲಿ 2,000 ಮಂದಿ ಕೂಲಿಕಾರರು. 2020–21ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 275 ರೂಪಾಯಿ. ಮೊದಲ ಹಂತದ ಲಾಕ್‌ಡೌನ್‌ನ 21 ದಿನಕ್ಕೆ 1 ಕೋಟಿ 15.5 ಲಕ್ಷ ಆಗುತ್ತದೆ, ಬಹಳಷ್ಟು ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮಾರ್ಚ್ ಕೊನೆಗೆ ತೊಗರಿ ರಾಶಿ ಮುಗಿದಿರುತ್ತದೆ, ಹೊಲದಲ್ಲಿ ದಿನಾ ಕೆಲಸ ಇರುವುದಿಲ್ಲ. 21ರಲ್ಲಿ 12 ದಿನ ಕೆಲಸ ಸಿಗುತ್ತಿತ್ತು ಎಂದರೆ 66 ಲಕ್ಷ. ಅದರಲ್ಲಿ ಮೂರನೇ ಒಂದು ಪಾಲು ಭಯಕ್ಕೇ ನಿಂತುಹೋಗುತ್ತಿತ್ತು ಎಂದರೆ ಆದೇಶದ ಖರ್ಚು 44 ಲಕ್ಷಕ್ಕೆ ಇಳಿಯಿತು. ತಲೆಗೆ ತಿಂಗಳಿಗೆ 5 ಕೆ.ಜಿ. ಉಚಿತ ಧಾನ್ಯ ಕೊಟ್ಟರಲ್ಲ, ಅದನ್ನು ಇಲ್ಲಿ ಕೂಡಬೇಡಿ, ಕಳೆಯಲೂಬೇಡಿ. ಅದು ಬೊಕ್ಕಸದಿಂದ ಮನೆಗೆ ಹೋದದ್ದು. ‘ಹೊರೆ ಯಾರ ಮೇಲೆ ಬಿತ್ತು’ ಎಂಬ ಬೇರೆ ಪಟ್ಟಿಗೆ ಸೇರಿಸಿ.

ಇನ್ನು ಲಾಭ. ನಿರ್ಬಂಧದಿಂದ ಸೋಂಕು ಶೇ 40ರ ಬದಲು ಶೇ 30ಕ್ಕೆ ನಿಂತಿತು ಎನ್ನಿ. 1,000 ಮಂದಿಗೆ ಸೋಂಕು ತಪ್ಪಿತು. ಸೋಂಕಿತರಲ್ಲಿ ಸಾವು ಶೇ 0.3 ಆದರೆ ಉಳಿದದ್ದು 3 ಜೀವ. ಒಬ್ಬೊಬ್ಬರಿಗೆ ಇನ್ನೂ 12 ವರ್ಷ ಆಯುಷ್ಯವಿತ್ತು ಎಂದರೆ 36 ವರ್ಷ. 44 ಲಕ್ಷವನ್ನು 36ರಿಂದ ಭಾಗಿಸಿ: ಉಳಿದ ಒಂದು ವರ್ಷದ ಬದುಕಿಗೆ ಸುಮಾರು 1.22 ಲಕ್ಷ ರೂಪಾಯಿ. ಜೀವಕ್ಕೆ ಬೆಲೆ ಕಟ್ಟದೆಯೇ ಎರಡೂ ಕಡೆ ಒಂದೇ ಸಾಲಿಗೆ ಬಂದವು. ಇದು ಅಗ್ಗವೋ ದುಬಾರಿಯೋ ಎನ್ನಲು ವರ್ಷದ ತಲಾ ಆದಾಯಕ್ಕಿಂತ ಕಡಿಮೆಯಾದರೆ ಅಗ್ಗ, ಅದರ ಮೂರು ಪಟ್ಟು ಮೀರಿದರೆ ದುಬಾರಿ ಎಂಬ ಅಳತೆಯನ್ನು ಬಹಳ ವರ್ಷ ಬಳಸಿದರು. ಈಗ ಅದನ್ನು ನೆಚ್ಚುವವರು ಕಡಿಮೆ. ಅದೇ 44 ಲಕ್ಷದಲ್ಲಿ ಬೇರೆ ಯಾವ ಕೆಲಸದಿಂದ ಎಷ್ಟು ವರ್ಷ ಉಳಿಸಬಹುದಿತ್ತು ಎಂದು ಕೇಳುವುದೇ ನೆಟ್ಟಗಿನ ದಾರಿ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಸಡಿಲವಾದ ಅಂಕಿ ಆ ‘ತಪ್ಪಿದ’ 1,000 ಸೋಂಕು. ತಪ್ಪಿತೋ, ಬರೀ ಮುಂದಕ್ಕೆ ಹೋಯಿತೋ? ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. 2020ರ ಏಪ್ರಿಲ್‌ನಲ್ಲಿ ಮೂರು ವಾರ ತಡೆದ ಸೋಂಕು ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾದರೆ ಕೊಂಡದ್ದು ಸಮಯ ಮಾತ್ರ, ಅದರ ಬೆಲೆ ಆ ಸಮಯದಲ್ಲಿ ಮಾಡಿದ ಕೆಲಸದಷ್ಟೇ. ಜೂನ್ ಹೊತ್ತಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಸೋಂಕು ತಗುಲದೆ ಉಳಿದವರಿಗೆ ಅದು ನಿಜವಾದ ಲಾಭ. ಪರೀಕ್ಷೆ, ಆಮ್ಲಜನಕ, ಹಾಸಿಗೆ ಹೆಚ್ಚಿಸದೆ ಕಳೆದ ವಾರಗಳಿಗೆ ಲಾಭದ ಕಾಲಂನಲ್ಲಿ ಸೊನ್ನೆ ಬರೆಯಿರಿ.

ನಮ್ಮ ಭಾಗಕ್ಕೆ ಇನ್ನೊಂದು ಸಾಲು ಬೇಕೇಬೇಕು: ಗುಳೆ. ಮುಂಬೈ, ಪುಣೆಯಲ್ಲಿ ದುಡಿಯುತ್ತಿದ್ದ ಕಲಬುರಗಿ, ಯಾದಗಿರಿ ಜಿಲ್ಲೆಗಳ ತಾಂಡಾದವರಿಗೆ, ಊರಿನವರಿಗೆ ಮಾರ್ಚ್ 24ರ ರಾತ್ರಿ ಎಂಟರಿಂದ ಹನ್ನೆರಡರವರೆಗೆ ಸಿಕ್ಕದ್ದು ನಾಲ್ಕು ತಾಸು. ಆಗ ಮುಂಬೈಯಲ್ಲಿ ಸೋಂಕು ಇನ್ನೂ ವಿರಳ. ಇಕ್ಕಟ್ಟಿನ ಖೋಲಿಗಳಲ್ಲಿ ಐದಾರು ವಾರ ಕಳೆದು, ಸೋಂಕು ಏರಿದ ಮೇಲೆ, ಮೇ ತಿಂಗಳಲ್ಲಿ ಮರಳಿದರು. ಆ ತಿಂಗಳು ಯಾದಗಿರಿಯಲ್ಲಿ ಪತ್ತೆಯಾದ ಪ್ರಕರಣಗಳಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದವರದ್ದೇ. ಮೊದಲ ವಾರವೇ ಬಸ್ಸು, ರೈಲು ಬಿಟ್ಟು ಊರಲ್ಲಿ ಕ್ವಾರಂಟೈನ್ ಮಾಡಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಸಿಗುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಪರ್ಧೆಯಲ್ಲಿ ‘ಲಾಕ್‌ಡೌನ್’ ಎಂಬ ಇಡೀ ಗಂಟಿನ ಪರ ಅಥವಾ ವಿರುದ್ಧ ನಿಲ್ಲಬೇಡಿ. ಗಂಟು ಬಿಚ್ಚಿ, ಒಂದೊಂದು ಕ್ರಮಕ್ಕೂ ಬೇರೆ ಲೆಕ್ಕ ಕೊಡಿ.

ಪ್ರಶ್ನೆ: 2021ರಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಕಿರಾಣಿ ಅಂಗಡಿ ತೆರೆಯಲು ಬಿಟ್ಟರು. ಆ ನಾಲ್ಕು ತಾಸು ಜಾತ್ರೆ ಇದ್ದಂತೆ ಇರುತ್ತಿತ್ತು. ಇದರಿಂದ ರೋಗ ಕಡಿಮೆ ಆಯಿತೋ, ಹೆಚ್ಚಾಯಿತೋ?
– ಕಿರಾಣಿ ವ್ಯಾಪಾರಿ, ಹುಮನಾಬಾದ್

ಉತ್ತರ: ನಿಮ್ಮ ಅಂಗಡಿಗೇ ಲೆಕ್ಕ ಹಾಕಿ. ದಿನಕ್ಕೆ 240 ಗಿರಾಕಿಗಳು, ಒಬ್ಬೊಬ್ಬರು 10 ನಿಮಿಷ ನಿಲ್ಲುತ್ತಾರೆ. 12 ತಾಸು ತೆರೆದಿದ್ದರೆ ತಾಸಿಗೆ 20 ಮಂದಿ. ಒಂದು ಹೊತ್ತಿಗೆ ಮೂರು ಮೂರೂವರೆ ಜನ. ಅಷ್ಟೇ ಮಂದಿ 4 ತಾಸಿನಲ್ಲಿ ಬಂದರೆ ತಾಸಿಗೆ 60, ಒಂದು ಹೊತ್ತಿಗೆ 10 ಜನ. ಪ್ರತಿಯೊಬ್ಬರೂ ಮೂರು ಪಟ್ಟು ಜನರ ಪಕ್ಕ ನಿಂತಂತಾಯಿತು. ಹೀಗೆ ಹೆಚ್ಚಿದ ಸಂಪರ್ಕ ಮೊದಲಿನ ಮಟ್ಟಕ್ಕೆ ಬರಬೇಕಾದರೆ ಗಿರಾಕಿಗಳ ಸಂಖ್ಯೆ ಅರ್ಧವಾದರೂ ಸಾಲದು: 120 ಮಂದಿ ಬಂದರೂ ಒಂದು ಹೊತ್ತಿಗೆ 5 ಜನ. ಸಂತೆ, ಸಮಾರಂಭ ನಿಂತದ್ದರ ಲಾಭ ಬೇರೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಕಿರಾಣಿ ಮಟ್ಟಿಗೆ ಮಾತ್ರ ವೇಳೆ ಕಡಿತ ಉಲ್ಟಾ ಕೆಲಸ ಮಾಡುವ ಕ್ರಮ. ವೇಳೆ ಹಿಗ್ಗಿಸಿ, ಒಳಗೆ ಎಷ್ಟು ಜನ ಎಂಬುದಕ್ಕೆ ಮಿತಿ ಹಾಕಬೇಕಿತ್ತು. ಚೀಟಿ ಬರೆಸಿಕೊಂಡು ಸಾಮಾನು ಕಟ್ಟಿಟ್ಟರೆ 10 ನಿಮಿಷ 3 ನಿಮಿಷಕ್ಕೆ ಇಳಿಯುತ್ತದೆ. ಅದಕ್ಕೆ ಯಾವ ಆದೇಶವೂ ಬೇಡ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಕೋವಿಡ್ ಸಾವು ಎಂದು ದಾಖಲಾದದ್ದು ಬೆರಳೆಣಿಕೆಯಷ್ಟು. ಊರವರ ಪ್ರಕಾರ ಬಹಳ ಹೆಚ್ಚು. ನಿಜ ತಿಳಿಯಲು ದಾರಿ ಇದೆಯೇ?
– ಗ್ರಾಮ ಪಂಚಾಯಿತಿ ಸದಸ್ಯ, ಚಿಂಚೋಳಿ ತಾಲ್ಲೂಕು

ಉತ್ತರ: ಜನನ–ಮರಣ ನೋಂದಣಿ ಪುಸ್ತಕದಿಂದ 2015ರಿಂದ 2019ರವರೆಗಿನ ಸಾವುಗಳನ್ನು ತಿಂಗಳವಾರು ಬರೆದು ಸರಾಸರಿ ತೆಗೆಯಿರಿ. 2020, 2021ರ ಅದೇ ತಿಂಗಳುಗಳ ಜೊತೆ ಹೋಲಿಸಿ. ನೋಂದಣಿ ದಿನಾಂಕ ಹಿಡಿಯಬೇಡಿ, ಸಾವಿನ ದಿನಾಂಕ ಹಿಡಿಯಿರಿ. 21 ದಿನದೊಳಗೆ ನೋಂದಾಯಿಸಬೇಕು ಎಂಬುದು ಕಾನೂನು, ಆದರೆ ಲಾಕ್‌ಡೌನ್‌ನಲ್ಲಿ ಕಚೇರಿಗೆ ಹೋಗುವುದೇ ಕಷ್ಟವಿದ್ದುದರಿಂದ ತಡವಾದ ನೋಂದಣಿ ಹೆಚ್ಚು. ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡವರ ಸಾವು ದಾಖಲಾಗುವುದು ಕಲಬುರಗಿಯಲ್ಲಿ, ನಿಮ್ಮ ಪುಸ್ತಕದಲ್ಲಿ ಅಲ್ಲ. ಆ ಹೆಸರುಗಳನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಮನೆಮನೆಗೆ ಹೋಗಿ ಕೂಡಿಸಬೇಕು, ಹಿಂದಿನ ಐದು ವರ್ಷಗಳಿಗೂ. ಗುಳೆ ಹೋದವರು ಮರಳಿದ ತಿಂಗಳುಗಳಲ್ಲಿ ಊರಿನ ಜನಸಂಖ್ಯೆಯೇ ಹೆಚ್ಚಿತ್ತು ಎಂಬುದನ್ನೂ ಮರೆಯಬೇಡಿ.

ವರ್ಷಕ್ಕೆ ಸರಾಸರಿ 40 ಸಾವು ಆಗುವ ಕಡೆ 28ರಿಂದ 52ರವರೆಗಿನ ಏರಿಳಿತ ಆಕಸ್ಮಿಕವಾಗಿಯೇ ಆಗಬಹುದು. 48 ಬಂದರೆ ಏನೂ ಸಾಬೀತಾಗುವುದಿಲ್ಲ, 70 ಬಂದರೆ ಮಾತಾಡಬಹುದು. ತಾಲ್ಲೂಕಿನ ಪಂಚಾಯಿತಿಗಳನ್ನು ಒಟ್ಟುಗೂಡಿಸಿದರೆ ಲೆಕ್ಕ ಗಟ್ಟಿಯಾಗುತ್ತದೆ. ಹೆಚ್ಚುವರಿ ಸಾವೆಲ್ಲ ಕೋವಿಡ್‌ನದ್ದೇ ಎನ್ನಲೂ ಬಾರದು. ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳು 2019ರಲ್ಲಿ ಸುಮಾರು 24 ಲಕ್ಷ, 2020ರಲ್ಲಿ 18 ಲಕ್ಷ. ಕ್ಷಯ ಕಡಿಮೆಯಾಗಿರಲಿಲ್ಲ, ಪತ್ತೆ ಹಚ್ಚುವುದು ಕುಗ್ಗಿತ್ತು. ಹೀಗೆ ಚಿಕಿತ್ಸೆ ಸಿಗದೆ ಆದ ಸಾವು ನಿರ್ಬಂಧದ ಖರ್ಚಿನ ಕಡೆ ಬರುತ್ತದೆ.

ಪ್ರಶ್ನೆ: ಶಾಲೆ ಮುಚ್ಚಿದ ನಷ್ಟವನ್ನು ರೂಪಾಯಿಯಲ್ಲಿ ಹೇಳಲು ಆಗುತ್ತದೆಯೇ?
– ಪ್ರಾಥಮಿಕ ಶಾಲೆ ಶಿಕ್ಷಕಿ, ಸುರಪುರ

ಉತ್ತರ: ಮುಂದಿನ ದುಡಿಮೆಯಲ್ಲಿ ಎಷ್ಟು ಕಡಿತ ಎಂದು ಹೇಳುವ ಸೂತ್ರಗಳಿವೆ. ನಿಮ್ಮ ಕೆಲಸಕ್ಕೆ ಅವು ಬರುವುದಿಲ್ಲ. ತಿಂಗಳು ಎಣಿಸಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ 1ರಿಂದ 5ನೇ ತರಗತಿ ರಾಜ್ಯದಲ್ಲಿ ಪೂರ್ತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, 19 ತಿಂಗಳ ಬಳಿಕ. ಎರಡೂ ವರ್ಷದ ಏಪ್ರಿಲ್, ಮೇ ಹೇಗೂ ಬೇಸಿಗೆ ರಜೆ, ಆ ನಾಲ್ಕು ತಿಂಗಳು ಕಳೆಯಿರಿ. 2021ರ ಎರಡನೇ ಅಲೆ ಭೀಕರವಾಗಿದ್ದದ್ದೂ ಅವೇ ತಿಂಗಳುಗಳಲ್ಲಿ, ಆಗ ಮುಚ್ಚಿದ್ದಕ್ಕೆ ಹೆಚ್ಚು ಬೆಲೆ ತೆರಬೇಕಾಗಲಿಲ್ಲ. ನಷ್ಟವೆಲ್ಲ ಉಳಿದ 15 ತಿಂಗಳದ್ದು. ಮಧ್ಯೆ 2020ರ ಆಗಸ್ಟ್‌ನಲ್ಲಿ, ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಶುರುವಾಗಿ ಅಕ್ಟೋಬರ್‌ನಲ್ಲೇ ನಿಂತಿತು.

ಲಾಭದ ಕಡೆ ಮಗುವಿನ ಜೀವ ಅಷ್ಟಾಗಿ ಬರುವುದಿಲ್ಲ. ಶ್ರೀಮಂತ ದೇಶಗಳ ಅಂದಾಜಿನಲ್ಲಿ 10 ವರ್ಷದ ಸೋಂಕಿತ ಮಗುವಿಗೆ ಸಾವಿನ ಸಂಭವ ಶೇ 0.002ರಷ್ಟು, 75 ವರ್ಷದವರಿಗೆ ಶೇ 4ರ ಮೇಲೆ. ಮುಚ್ಚಿದ್ದು ಮನೆಯ ಅಜ್ಜ–ಅಜ್ಜಿಯರಿಗಾಗಿ. ಅವರಿಗೆ ಲಸಿಕೆ ಸಿಕ್ಕಷ್ಟೂ ಆ ಲಾಭ ಕರಗುತ್ತಾ ಬಂತು, ಮಗುವಿನ ನಷ್ಟ ಬೆಳೆಯುತ್ತಾ ಹೋಯಿತು. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಶಾಲೆಯ ಕೋಣೆಯಲ್ಲಿ ಕೂತದ್ದು ಎರಡನೇ ತರಗತಿಯಲ್ಲಿ, ಅದೂ ಅರ್ಧ ವರ್ಷ ಕಳೆದ ಮೇಲೆ. ಆ ಸಾಲಿನ ಮಕ್ಕಳ ಪಟ್ಟಿ ನಿಮ್ಮ ದಾಖಲಾತಿ ಪುಸ್ತಕದಲ್ಲಿ ಬೇರೆಯಾಗಿಯೇ ಸಿಗುತ್ತದೆ. ಒಬ್ಬೊಬ್ಬರಿಂದಲೂ ಎರಡನೇ ತರಗತಿಯ ಪಾಠದ ಒಂದು ಪ್ಯಾರಾ ಓದಿಸಿ, ದಶಕ ಎರವಲು ಪಡೆದು ಕಳೆಯುವ ಒಂದು ಲೆಕ್ಕ ಮಾಡಿಸಿ, ತಪ್ಪಿದವರ ಹೆಸರಿನ ಮುಂದೆ ಗುರುತು ಹಾಕಿ. ಬಿಟ್ಟುಹೋದವರ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬೇರೆ ಬರೆದುಕೊಳ್ಳಿ. ಶಾಲೆಯಲ್ಲಿ ಉಳಿದವರನ್ನಷ್ಟೇ ಪರೀಕ್ಷಿಸಿದರೆ ನಷ್ಟ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.