ನೆರೆಗೆ ಆರು ಜೇನು ಪೆಟ್ಟಿಗೆ ಹೋಗಿ ಎರಡು ಉಳಿದಿವೆ. ಈಗಲೇ ಹೊಸ ಕುಟುಂಬ ತರಬಹುದಾ?

ಈಗ ತರಬೇಡಿ. ಉಳಿದ ಎರಡನ್ನು ನೋಡಿಕೊಳ್ಳಿ.

2019ರ ಆಗಸ್ಟಿನಲ್ಲಿ ನನಗೂ ಹೀಗೇ ಆಯಿತು. ಕಾಸರಗೋಡು ಕಡೆಯ ಅಡೂರಿನ ಹತ್ತಿರ ನಮ್ಮ ಅಡಿಕೆ ತೋಟ, ಕೆಳಗೆ ಪಯಸ್ವಿನಿ ಹೊಳೆ. ರಾತ್ರಿ ಬೆಳಗಾಗುವುದರೊಳಗೆ ಒಂಬತ್ತು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳಲ್ಲಿ ಆರು ಸ್ಟ್ಯಾಂಡ್ ಸಮೇತ ಹೋಗಿದ್ದವು. ಗುಡ್ಡೆಯ ಬದಿಗಿದ್ದ ಮೂರು ಉಳಿದವು. ಒಂದು ಜೋರಿತ್ತು. ಎರಡರಲ್ಲಿ ಜೇನುನೊಣ ತುಂಬ ಕಡಿಮೆ.

ಮಳೆ ಬಿಟ್ಟ ಬೆಳಗ್ಗೆ ಪಾಪ, ಹಸಿದಿರುತ್ತವೆ ಅಂತ ಸಕ್ಕರೆ ಪಾಕವನ್ನು ಅಗಲ ತಟ್ಟೆಯಲ್ಲಿ ಹಾಕಿ ಪೆಟ್ಟಿಗೆಗಳ ನಡುವೆ ಇಟ್ಟೆ. ವಾಸನೆಗೆ ಬೇಗ ಬರಲಿ ಅಂತ ಅಂಗಡಿ ಜೇನು ಬೇರೆ ಬೆರೆಸಿದೆ. ನನ್ನನ್ನು ಮುಳುಗಿಸಿದ್ದು ನೆರೆಗಿಂತ ಜಾಸ್ತಿ ಈ ತಟ್ಟೆ. ಆ ಹೊತ್ತಿನಲ್ಲಿ ಹೊರಗೆ ಹೂವಿಲ್ಲ. ಒಂದು ನೊಣಕ್ಕೆ ಸಿಹಿ ಸಿಕ್ಕಿದರೆ ಅದು ಗೂಡಿಗೆ ಹೋಗಿ ಉಳಿದವನ್ನು ಕರೆತರುತ್ತದೆ. ತಟ್ಟೆ ಖಾಲಿಯಾದರೂ ಬಂದ ನೊಣಗಳು ಸುಮ್ನೆ ಹಿಂದೆ ಹೋಗುವುದಿಲ್ಲ, ಹತ್ತಿರ ಎಲ್ಲಿ ಸಿಹಿಯಿದೆ ಅಂತ ಹುಡುಕುತ್ತವೆ. ಪಕ್ಕದಲ್ಲೇ ಎರಡು ಬಡ ಪೆಟ್ಟಿಗೆ. ಕಾವಲಿಗೆ ನೊಣ ಇಲ್ಲ. ಬಾಗಿಲನ್ನು ನಾನು ಕಿರಿದು ಮಾಡಿರಲಿಲ್ಲ. ಜೋರಿದ್ದ ಪೆಟ್ಟಿಗೆಯ ನೊಣಗಳೇ ನುಗ್ಗಿ ಲೂಟಿ ಮಾಡಿದವು. ಸಂಜೆಗೆ ಪೆಟ್ಟಿಗೆ ಬಾಗಿಲಿನ ಹಲಗೆಯ ಮುಂದೆ ಸತ್ತ ನೊಣಗಳ ರಾಶಿ. ಮೂರನೇ ದಿನ ಒಂದು ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಯಿತು. ಇನ್ನೊಂದರ ಎರಿಗಳನ್ನು (ಮೇಣದ ಹಲ್ಲೆಗಳನ್ನು) ಮೇಣದ ಹುಳು ತಿಂದು ಮುಗಿಸಿತು.

ಪಾಕ ಕೊಡಲೇಬೇಕು. ಆದರೆ ಕತ್ತಲಾದ ಮೇಲೆ, ಪೆಟ್ಟಿಗೆಯೊಳಗೆ. ಸಕ್ಕರೆ ಒಂದು ಪಾಲು, ಕುದಿಸಿದ ನೀರು ಒಂದು ಪಾಲು. ಆರಿದ ಮೇಲೆ ಗೆರಟೆಯಲ್ಲಿ ಹಾಕಿ, ನೊಣ ಮುಳುಗದಂತೆ ನಾಲ್ಕು ಹುಲ್ಲುಕಡ್ಡಿ ಇಡಿ. ಬೆಳಗ್ಗೆ ಉಳಿದಿದ್ದರೆ ತೆಗೆಯಿರಿ. ಹೊರಗೆ ಒಂದು ಹನಿಯೂ ಚೆಲ್ಲಬಾರದು. ಅಂಗಡಿ ಜೇನು ಬೇಡವೇ ಬೇಡ, ಅದರ ಜೊತೆ ರೋಗವೂ ಬರಬಹುದು. ಬಾಗಿಲು ಒಂದೆರಡು ನೊಣ ಹೋಗುವಷ್ಟಿರಲಿ. ಸಂಸಾರ ಕೋಣೆಯಲ್ಲಿ, ಅಂದರೆ ಮೊಟ್ಟೆ-ಮರಿ ಇರುವ ಕೆಳಗಿನ ಕೋಣೆಯಲ್ಲಿ, ನೊಣ ಮುಚ್ಚಿ ಕೂರದ ಎರಿಗಳನ್ನು ಹೊರಗೆ ತೆಗೆಯಿರಿ. ಖಾಲಿ ಎರಿ ಬಿಟ್ಟರೆ ಮೇಣದ ಹುಳುವಿಗೆ ನೀವೇ ಮನೆ ಕೊಟ್ಟ ಹಾಗೆ, ಅಲ್ವಾ?

ಹೊಸದು ಯಾಕೆ ಬೇಡ ಅಂದರೆ, ಹೂವಿಲ್ಲದ ಕಾಲದಲ್ಲಿ ತಂದ ಕುಟುಂಬವನ್ನೂ ಸಕ್ಕರೆಯಲ್ಲೇ ಸಾಕಬೇಕು. ಇನ್ನೊಂದು, ಗೊತ್ತಿಲ್ಲದ ಕಡೆಯಿಂದ ತಂದರೆ ರೋಗದ ಭಯ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ, ಜೇನು ಮರಿಗಳನ್ನು ಕೊಲ್ಲುವ ವೈರಸ್ ರೋಗ ಬಂದಾಗ ನಮ್ಮ ಕಡೆಯೂ ಪೆಟ್ಟಿಗೆಗಳು ಸಾಲಾಗಿ ಖಾಲಿಯಾದವು. ಅಪ್ಪ ಆಮೇಲೆ ವರ್ಷಗಟ್ಟಲೆ ಜೇನಿನ ಸುದ್ದಿಗೇ ಹೋಗಲಿಲ್ಲ.

ಉಳಿದ ಆ ಒಂದನ್ನೇ ನಾನು ನವೆಂಬರಿನಲ್ಲಿ ಪಾಲು ಮಾಡಿ ಬೇರೆ ಪೆಟ್ಟಿಗೆಗೂ ಹಾಕಿದೆ. ಜನವರಿ ಕೊನೆಗೆ ರಬ್ಬರ್ ಚಿಗುರಿ ಜೇನು ಸಿಗುವ ಹೊತ್ತಿಗೆ ಮೂರು ಪೆಟ್ಟಿಗೆ ಇತ್ತು.

ನಿಮ್ಮ ಎರಡರಲ್ಲೂ ಹೊಸ ಮೊಟ್ಟೆ ಇದೆಯಾ ನೋಡಿ. ಕಂಡರೆ ರಾಣಿ ಇದೆ ಅಂತಲೇ ಲೆಕ್ಕ, ಅಷ್ಟು ಸಾಕು, ಅದನ್ನು ಹುಡುಕುತ್ತಾ ಮುಚ್ಚಳ ತೆರೆದಿಡಬೇಡಿ. ಮೊಟ್ಟೆ ಕಾಣದಿದ್ದರೆ ಇಲ್ಲೇ ಬರೆಯಿರಿ.