ಸಂಪಾದಕರ ಉತ್ತರ: ಸುಳಿವು ಎಷ್ಟು, ಯಾವಾಗ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರಾಂಶ ಇದು: "ಎಂಟನೇ ತರಗತಿಯ ಮಗಳಿಗೆ ರಜೆಯಲ್ಲಿ ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಆಟದ ಯಂತ್ರ ಕೊಡಿಸಿದೆ. ‘ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ಆಡುತ್ತಾಳೆ. ಆದರೆ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು, ಬೇರೆ ಯಾರೋ ಆಡಿದ ವಿಡಿಯೊ ನೋಡುತ್ತಾ ಹೆಜ್ಜೆ ಹೆಜ್ಜೆಯೂ ಅದರಂತೆಯೇ ಇಡುತ್ತಾಳೆ. ಕೇಳಿದರೆ ಎಲ್ಲರೂ ಹೀಗೆಯೇ ಆಡುವುದು ಎನ್ನುತ್ತಾಳೆ. ಇದು ಗೈಡ್ ಉರು ಹೊಡೆದು ಎಸ್‌ಎಸ್‌ಎಲ್‌ಸಿ ಪಾಸಾದಂತಲ್ಲವೇ? ನಾವು ಹುಡುಗರಾಗಿದ್ದಾಗ ಮೂವತ್ತು ಜೀವದ ಕೋಡ್ ಹಾಕಿಕೊಂಡು ಕಾಂಟ್ರಾವನ್ನು ಯಾರ ನೆರವೂ ಇಲ್ಲದೆ ಮುಗಿಸಿದ್ದೆವು. ನಿಮ್ಮ ಪತ್ರಿಕೆಯ ಆಟಗಳ ಅಂಕಣವೂ ‘ಸಿಕ್ಕಿಹಾಕಿಕೊಂಡರೆ ಮಾರ್ಗದರ್ಶಿ ಓದಿ’ ಎಂದು ಬರೆಯುತ್ತದೆ. ಮಕ್ಕಳಿಗೆ ಇಂಥ ಬುದ್ಧಿ ಹೇಳಬಹುದೇ?"

ಮಾನ್ಯರೇ,

ಮಾರ್ಗದರ್ಶಿ ಓದುವುದೇ ತಪ್ಪು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ಮಗಳು ಈಗ ಆಡುತ್ತಿರುವ ರೀತಿಯಿಂದ ಅವಳಿಗೆ ಏನೋ ಕೈತಪ್ಪುತ್ತಿದೆ ಎಂಬ ನಿಮ್ಮ ಆತಂಕ ಸರಿಯಾಗಿಯೇ ಇದೆ.

ಮೊದಲು ಕಾಂಟ್ರಾ ಎಂಬ ಆ ಹಳೆಯ ಗುಂಡಿನ ಆಟದ ವಿಷಯ. ಮೂವತ್ತು ಜೀವಕ್ಕೆ ಒತ್ತಬೇಕಾದ ಗುಂಡಿಗಳು ಇವು: ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ, ಬಲ, ಎಡ, ಬಲ, ಬಿ, ಎ. ಈ ಕೋಡ್ ಆಟದೊಳಗೆ ಎಲ್ಲಿಯೂ ಬರೆದಿಲ್ಲ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುವಾಗ, ಪರೀಕ್ಷೆಗಾಗಿ ಅದನ್ನು ಆಡಲು ತಮಗೇ ಕಷ್ಟವಾದ ಕಾರಣ ಸೇರಿಸಿಕೊಂಡ ಗುಪ್ತ ಸೌಲಭ್ಯ ಅದು. ಮುಂದೆ ಕಾಂಟ್ರಾಕ್ಕೂ ಬಂತು. ನಮ್ಮ ಊರುಗಳಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಆಡುತ್ತಿದ್ದ ಅಂಗಡಿಗಳಲ್ಲಿ ಅದು ಒಬ್ಬರ ಬಾಯಿಂದ ಒಬ್ಬರಿಗೆ ಹರಡಿತು. ನಿಮಗೂ ಯಾರೋ ಹೇಳಿಕೊಟ್ಟರು. ಹಾಗೆಂದು ನಿಮ್ಮ ಗೆಲುವು ಸುಳ್ಳಾಗುವುದಿಲ್ಲ. ಮೂವತ್ತು ಜೀವ ಇದ್ದರೂ ಗುಂಡು ತಪ್ಪಿಸಿಕೊಂಡದ್ದು ನಿಮ್ಮ ಬೆರಳುಗಳೇ. ಹೇಳಿಕೊಟ್ಟವರು ನಿಮ್ಮಿಂದ ಆಟವನ್ನು ಕಿತ್ತುಕೊಳ್ಳಲಿಲ್ಲ, ಆಡುವುದಕ್ಕೆ ಇನ್ನಷ್ಟು ಹೊತ್ತು ಕೊಟ್ಟರು.

ಒಬ್ಬರೇ ಕುಳಿತರೆ ಬಗೆಹರಿಯದಂತೆ ಹೆಣೆದ ಆಟಗಳೂ ಇವೆ. 1984ರಲ್ಲಿ ನಾಮ್ಕೊ ಕಂಪನಿಯ ಮಸನೊಬು ಎಂಡೊ ‘ದ ಟವರ್ ಆಫ್ ಡ್ರುವಾಗ’ ಎಂಬ ಆಟ ಮಾಡಿದರು. ಅರವತ್ತು ಅಂತಸ್ತಿನ ಗೋಪುರ. ಬಹುತೇಕ ಎಲ್ಲ ಅಂತಸ್ತಿನಲ್ಲೂ ಏನಾದರೊಂದು ನಿಗೂಢ ಕೆಲಸ ಮಾಡಿದರೆ ಮಾತ್ರ ನಿಧಿಯ ಪೆಟ್ಟಿಗೆ ಕಾಣಿಸುತ್ತದೆ. ಮೊದಲ ಅಂತಸ್ತಿನಲ್ಲಿ ಮೂರು ಹಸಿರು ಲೋಳೆಪ್ರಾಣಿಗಳನ್ನು ಕೊಂದರೆ ಗುದ್ದಲಿ ಸಿಗುತ್ತದೆ. ಅದು ಸುಲಭದ್ದು. ಮೇಲೆ ಹೋದಂತೆ ಷರತ್ತುಗಳು ವಿಚಿತ್ರವಾಗುತ್ತವೆ, ಆಟ ಮಾತ್ರ ತುಟಿ ಬಿಚ್ಚುವುದಿಲ್ಲ. ಕೆಲವು ನಿಧಿಗಳು ಇಲ್ಲದಿದ್ದರೆ ಆಟ ಮುಗಿಯುವುದೇ ಇಲ್ಲ. ಜಪಾನಿನ ಆಟದಂಗಡಿಗಳಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಿದ್ದರು. ಒಬ್ಬ ನಾಣ್ಯ ಹಾಕಿ ಆಡಿ ತಾನು ಕಂಡದ್ದನ್ನು ಅದರಲ್ಲಿ ಬರೆದು ಹೋಗುತ್ತಿದ್ದ, ಮುಂದೆ ಬಂದವನು ಅದನ್ನು ಓದಿ ಇನ್ನೊಂದು ಸಾಲು ಸೇರಿಸುತ್ತಿದ್ದ. ಮುಖ ನೋಡದವರೆಲ್ಲ ಸೇರಿ ಆ ಗೋಪುರ ಹತ್ತಿದರು. ಈಗ ನಿಮ್ಮ ಮಗಳು ಆಡುತ್ತಿರುವ ಸರಣಿಯ ಮೊದಲ ಜೆಲ್ಡಾ 1986ರಲ್ಲಿ ಬಂದಾಗಲೂ, ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರ ಆಸೆ ಇದೇ ಆಗಿತ್ತು: ಯಾವ ಪೊದೆಯನ್ನು ಸುಟ್ಟರೆ, ಯಾವ ಗೋಡೆಗೆ ಬಾಂಬು ಇಟ್ಟರೆ ಗುಹೆ ತೆರೆಯುತ್ತದೆ ಎಂದು ಆಡುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕು. ಅಮೆರಿಕದಲ್ಲಿ ನಿಂಟೆಂಡೊ ಸುಳಿವು ಹೇಳುವುದಕ್ಕೆಂದೇ ಫೋನಿನ ಮುಂದೆ ಜನರನ್ನು ಕೂರಿಸಿತು, 1988ರಲ್ಲಿ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆಯನ್ನೇ ಹೊರಡಿಸಿತು. ಅದಕ್ಕೂ ಮೊದಲು, 1985ರಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕ ಕಾದಂಬರಿಯಲ್ಲ, ಸೂಪರ್ ಮಾರಿಯೊ ಬ್ರದರ್ಸ್ ಆಟದ ಮಾರ್ಗದರ್ಶಿ.

ಆದ್ದರಿಂದ ಪರೀಕ್ಷೆಯ ಹೋಲಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಪರೀಕ್ಷೆಯಲ್ಲಿ ನಕಲು ಮಾಡಿದರೆ ಓದಿ ಬರೆದ ಇನ್ನೊಬ್ಬರಿಗೆ ಅನ್ಯಾಯವಾಗುತ್ತದೆ. ಒಬ್ಬಳೇ ಆಡುವ ಆಟದಲ್ಲಿ ಅಂಥ ಇನ್ನೊಬ್ಬರು ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಸುಳಿವು ಎಷ್ಟು, ಯಾವಾಗ?

ಈ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಒಂದು ಹಳೆಯ ಪುಸ್ತಿಕೆಯಲ್ಲಿದೆ. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿದ್ಯಾಸಂಸ್ಥೆಯಲ್ಲಿ ಕೆಲವರು 1977ರಲ್ಲಿ ‘ಜೋರ್ಕ್’ ಎಂಬ ಆಟವನ್ನು ಬರೆಯತೊಡಗಿದರು. ಚಿತ್ರವೇ ಇಲ್ಲ, ಎಲ್ಲವೂ ಅಕ್ಷರ. ‘ಉತ್ತರಕ್ಕೆ ಹೋಗು’, ‘ದೀಪ ಹಚ್ಚು’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮುಂದೆ ಏನಾಯಿತೆಂದು ಕಂಪ್ಯೂಟರ್ ಹೇಳುತ್ತದೆ. ಆ ಗುಂಪಿನವರು 1979ರಲ್ಲಿ ಇನ್ಫೋಕಾಮ್ ಕಂಪನಿ ಕಟ್ಟಿ ಆಟವನ್ನು ಮಾರಾಟಕ್ಕೆ ತಂದಾಗ, ಸಿಕ್ಕಿಹಾಕಿಕೊಂಡವರ ಪತ್ರಗಳು ಬರತೊಡಗಿದವು. ಮೈಕ್ ಡಾರ್ನ್‌ಬ್ರೂಕ್ ಎಂಬವರು ಆ ಪತ್ರಗಳಿಗೆ ಉತ್ತರಿಸುವ ಕೆಲಸ ವಹಿಸಿಕೊಂಡರು. ಅದರಿಂದ ಹುಟ್ಟಿದ್ದೇ ‘ಇನ್‌ವಿಸಿಕ್ಲೂಸ್’ ಎಂಬ ಪುಸ್ತಿಕೆಗಳು. ಪ್ರಶ್ನೆಗಳು ಮಾತ್ರ ಕಣ್ಣಿಗೆ ಕಾಣುವಂತೆ ಅಚ್ಚಾಗಿರುತ್ತಿದ್ದವು. ಪ್ರಶ್ನೆಯ ಕೆಳಗೆ ಖಾಲಿ ಚೌಕಗಳು. ಉತ್ತರಗಳು ಅದೃಶ್ಯ ಶಾಯಿಯಲ್ಲಿ. ಜೊತೆಗೆ ಕೊಟ್ಟ ವಿಶೇಷ ಪೆನ್ನಿನಿಂದ ಮೊದಲ ಚೌಕವನ್ನು ತಿಕ್ಕಿದರೆ ಒಂದು ಸಣ್ಣ ಸೂಚನೆ ಮೂಡುತ್ತದೆ. ಅದು ಸಾಲದಿದ್ದರೆ ಎರಡನೆಯದು. ಪೂರ್ತಿ ಉತ್ತರ ಇರುವುದು ಕೊನೆಯ ಚೌಕದಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಜೋರ್ಕ್‌ನಲ್ಲಿ ಮರದ ಮೇಲೆ ರತ್ನ ಹುದುಗಿಸಿದ ಒಂದು ಮೊಟ್ಟೆ ಸಿಗುತ್ತದೆ. ಒಳಗೆ ಏನೋ ಇದೆ. ನಾವೇ ಬಲವಂತವಾಗಿ ತೆರೆದರೆ ಮೊಟ್ಟೆಯೂ ಕೆಡುತ್ತದೆ, ಒಳಗಿರುವ ಕೀಲಿ ಕೊಟ್ಟು ಹಾಡಿಸುವ ಪುಟ್ಟ ಹಕ್ಕಿಯೂ ಕೆಡುತ್ತದೆ. ಇದಕ್ಕೆ ಸುಳಿವು ಬರೆಯುವ ಕೆಲಸ ನನಗೆ ಬಂದರೆ, ಮೊದಲ ಚೌಕದಲ್ಲಿ ‘ಅದನ್ನು ನೀವೇ ತೆರೆಯಬೇಕೆಂದು ಯಾರು ಹೇಳಿದರು?’ ಎಂದಷ್ಟೇ ಬರೆಯುತ್ತೇನೆ. ಎರಡನೆಯದರಲ್ಲಿ, ‘ಈ ನೆಲಮಾಳಿಗೆಯಲ್ಲಿ ನಿಮಗಿಂತ ಕೈಚಳಕ ಇರುವವರು ಓಡಾಡುತ್ತಿಲ್ಲವೇ?’ ಮೂರನೆಯದರಲ್ಲಿ, ‘ಕಳ್ಳನಿಗೆ ಕೊಡಿ, ಅವನು ತೆರೆಯಲಿ, ಆಮೇಲೆ ಅವನಿಂದ ಕಸಿದುಕೊಳ್ಳಿ.’ ಆಟದುದ್ದಕ್ಕೂ ನಮ್ಮ ವಸ್ತುಗಳನ್ನು ಲಪಟಾಯಿಸುತ್ತಾ ಕಾಡುವ ಆ ಕಳ್ಳನೇ ಕೊನೆಗೆ ಕೆಲಸಕ್ಕೆ ಬರುತ್ತಾನೆ ಎಂಬುದು ಮೊದಲ ಚೌಕದಲ್ಲೇ ಹೊಳೆದವರಿಗೆ ಆಗುವ ಸಂತೋಷವೇ ಬೇರೆ. ಎರಡನೆಯದರಲ್ಲಿ ಹೊಳೆದವರಿಗೂ ಬಹುಪಾಲು ಸಂತೋಷ ದಕ್ಕುತ್ತದೆ. ಮೂರನೆಯದನ್ನು ಓದಿದವರಿಗೆ ಮೊಟ್ಟೆ ಮಾತ್ರ ಸಿಗುತ್ತದೆ.

ಆ ಪುಸ್ತಿಕೆ ಬರೆದವರ ಜಾಣತನ ಇನ್ನೊಂದಿತ್ತು. ಪ್ರಶ್ನೆಗಳ ಪಟ್ಟಿ ನೋಡಿಯೇ ಮುಂದೆ ಏನೇನು ಬರುತ್ತದೆಂದು ಊಹಿಸಬಹುದಲ್ಲ, ಅದಕ್ಕಾಗಿ ಆಟದಲ್ಲಿ ಇಲ್ಲವೇ ಇಲ್ಲದ ಸಂಗತಿಗಳ ಬಗ್ಗೆಯೂ ಪ್ರಶ್ನೆ ಸೇರಿಸಿದ್ದರು. ಅಂಥ ಪ್ರಶ್ನೆಯ ಚೌಕ ತಿಕ್ಕಿದವರಿಗೆ ಗದರಿಕೆ ಕಾಣಿಸುತ್ತಿತ್ತು. ಉತ್ತರ ಗೊತ್ತಿದ್ದೂ ಅದನ್ನು ಇಷ್ಟು ಜೋಪಾನವಾಗಿ ಬಚ್ಚಿಟ್ಟು, ಕೇಳಿದವರಿಗೆ ಕೇಳಿದಷ್ಟನ್ನೇ ಕೊಡುವುದು ಸಣ್ಣ ವಿದ್ಯೆಯಲ್ಲ. ಓದುವವರ ಮೇಲೆ ಗೌರವ ಇದ್ದವರಿಗೆ ಮಾತ್ರ ಅದು ಬರುತ್ತದೆ.

ಆಮೇಲೆ ಬಂದ ಮಾರ್ಗದರ್ಶಿಗಳಲ್ಲಿ ಬಹಳಷ್ಟಕ್ಕೆ ಆ ವಿದ್ಯೆ ಒಲಿಯಲಿಲ್ಲ. 2000ದಲ್ಲಿ ಬಂದ ‘ಫೈನಲ್ ಫ್ಯಾಂಟಸಿ 9’ರ ಅಧಿಕೃತ ಪುಸ್ತಕವಂತೂ ಹಣ ಕೊಟ್ಟು ಕೊಂಡವರಿಗೆ ಪುಟ ಪುಟದಲ್ಲೂ ‘ಉಳಿದದ್ದನ್ನು ಅಂತರ್ಜಾಲದಲ್ಲಿ ನೋಡಿ’ ಎಂದಿತು. ಕೆಲವೊಮ್ಮೆ ತಪ್ಪು ಆಟದ್ದೇ. 2006ರ ‘ಫೈನಲ್ ಫ್ಯಾಂಟಸಿ 12’ರಲ್ಲಿ ಬಲಿಷ್ಠವಾದ ಒಂದು ಈಟಿ ಖಚಿತವಾಗಿ ಸಿಗಬೇಕಾದರೆ ಅದಕ್ಕೂ ಬಹಳ ಮೊದಲು ಎದುರಾಗುವ ನಾಲ್ಕು ಪೆಟ್ಟಿಗೆಗಳನ್ನು ತೆರೆಯಬಾರದು. ಯಾವ ನಾಲ್ಕು, ಯಾಕೆ, ಆಟ ಹೇಳುವುದಿಲ್ಲ. 1987ರ ‘ಕ್ಯಾಸಲ್‌ವೇನಿಯಾ 2’ರಲ್ಲಿ ಕೆಂಪು ಹರಳು ಹಿಡಿದು ಬಂಡೆಯ ಪಕ್ಕ ಮಂಡಿಯೂರಿ ಸ್ವಲ್ಪ ಹೊತ್ತು ಕುಳಿತರೆ ಸುಂಟರಗಾಳಿ ಬಂದು ಎತ್ತಿಕೊಂಡು ಹೋಗುತ್ತದೆ. ಇದನ್ನು ಬರೀ ಯೋಚಿಸಿ ಕಂಡುಹಿಡಿಯುವುದು ಹೆಚ್ಚುಕಡಿಮೆ ಅಸಾಧ್ಯ. ಇಂಥ ಕಡೆ ಮಾರ್ಗದರ್ಶಿ ತೆರೆಯುವುದಕ್ಕೆ ಎಳ್ಳಷ್ಟೂ ಸಂಕೋಚ ಬೇಡ. ನಮ್ಮ ಅಂಕಣ ಬರೆದದ್ದು ಈ ಅರ್ಥದಲ್ಲೇ, ಆ ಮಾತಿಗೆ ನಾನು ಈಗಲೂ ಬದ್ಧ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಆಟದ ಮಾತೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗು ಒಗಟಿನ ಮುಂದೆ ನಿಂತಿರುವುದು ಎಷ್ಟೋ ಸಲ ಬುದ್ಧಿ ಓಡದೆ ಅಲ್ಲ, ಮುದುಕನೊಬ್ಬ ಹೇಳಿದ ಎರಡು ಸಾಲು ಅರ್ಥವಾಗದೆ. ಆಗ ಬೇಕಾದದ್ದು ಆ ಎರಡು ಸಾಲಿನ ಅರ್ಥ. ಅದನ್ನು ತಡೆಹಿಡಿಯುವುದು ಕ್ರೌರ್ಯ.

ಈಗ ನಿಮ್ಮ ಮಗಳ ವಿಷಯ. ನನಗೆ ಸಿಟ್ಟಿರುವುದು ಅವಳ ಮೇಲಲ್ಲ, ಆ ವಿಡಿಯೊ ಮೇಲೆ. ಬರಹದ ಮಾರ್ಗದರ್ಶಿಯಲ್ಲಿ ಬೇಕಾದ ಸಾಲು ಹುಡುಕಿ ಅಲ್ಲಿಗೇ ನಿಲ್ಲಿಸಬಹುದು. ವಿಡಿಯೊ ಹಾಗಲ್ಲ, ಪ್ರಶ್ನೆ ಏಳುವ ಮೊದಲೇ ಉತ್ತರ ತೋರಿಸಿಬಿಡುತ್ತದೆ. ಅದರಲ್ಲೂ ಈ ಆಟಕ್ಕೆ ಅದು ಮಾಡುವ ಹಾನಿ ದೊಡ್ಡದು, ಏಕೆಂದರೆ 2017ರ ಈ ಜೆಲ್ಡಾದಲ್ಲಿ ಬಹಳಷ್ಟು ಒಗಟುಗಳಿಗೆ ಒಂದೇ ಉತ್ತರ ಎಂಬುದಿಲ್ಲ. ಒಣ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಏಳುತ್ತದೆ, ಅದರ ಮೇಲೆ ತೇಲಿ ಹಾರಬಹುದು. ಲೋಹ ವಿದ್ಯುತ್ತನ್ನು ಹರಿಸುತ್ತದೆ. ಆದ್ದರಿಂದ ಕೆಲವು ಗುಡಿಗಳಲ್ಲಿ (ಆ ಆಟದಲ್ಲಿ ಒಗಟುಗಳನ್ನು ಇಟ್ಟಿರುವ ಜಾಗಗಳಿವು) ವಿದ್ಯುತ್ ಸುತ್ತನ್ನು ಸೇರಿಸಲು ಅಲ್ಲಿಟ್ಟಿರುವ ಲೋಹದ ಪೆಟ್ಟಿಗೆಯನ್ನೇ ಹುಡುಕಬೇಕಿಲ್ಲ, ನಿಮ್ಮ ಕತ್ತಿಗಳನ್ನೇ ಸಾಲಾಗಿ ನೆಲದಲ್ಲಿ ಇಟ್ಟರೂ ಬಾಗಿಲು ತೆರೆಯುತ್ತದೆ.

ಹಟೆನೊ ಹಳ್ಳಿಯ ಗುಡಿಯಲ್ಲಿ ಒಂದು ಚಕ್ರವ್ಯೂಹದ ಹಲಗೆ ಇದೆ. ಕೈಯಲ್ಲಿರುವ ಯಂತ್ರವನ್ನು ಓರೆ ಮಾಡಿದಂತೆ ಹಲಗೆಯೂ ಓರೆಯಾಗುತ್ತದೆ, ಗೋಡೆಗಳ ನಡುವೆ ಚೆಂಡನ್ನು ಉರುಳಿಸಿ ಹೊರಗೆ ತರಬೇಕು. ಎಷ್ಟೋ ಮಂದಿ ಏನು ಮಾಡಿದರು ಗೊತ್ತೇ? ಯಂತ್ರವನ್ನೇ ತಲೆಕೆಳಗು ಮಾಡಿದರು. ಹಲಗೆ ಮಗುಚಿಕೊಂಡಿತು. ಅದರ ಬೆನ್ನು ನುಣ್ಣಗಿದೆ, ಗೋಡೆಯೇ ಇಲ್ಲ. ಚೆಂಡನ್ನು ಅದರ ಮೇಲೆ ಬೀಳಿಸಿಕೊಂಡು ಸಲೀಸಾಗಿ ಉರುಳಿಸಿದರು. ನಿಮ್ಮ ಮಗಳು ನೋಡುವ ವಿಡಿಯೊದಲ್ಲಿ ಈ ಉಪಾಯವೇ ಇರಬಹುದು. ಆದರೆ ನೋಡಿ ಮಾಡಿದರೆ ಅದು ಇನ್ನೊಬ್ಬರ ತುಂಟತನ. ತಾನಾಗಿಯೇ ಹಲಗೆ ಮಗುಚಿದ ಮಗು ಮುಂದಿನ ಗುಡಿಗೆ ಹೋಗುವುದೇ ಬೇರೆ ಕಣ್ಣಿನಿಂದ. ಅವಳಿಗೆ ಕೈತಪ್ಪುತ್ತಿರುವುದು ಇದು.

ಹಾಗಾಗಿ ಮೊಬೈಲ್ ಕಿತ್ತಿಡಬೇಡಿ. ಅದು ಜಗಳಕ್ಕೆ ದಾರಿ. ಮಾರ್ಗದರ್ಶಿಯನ್ನು ನೀವು ಓದಿ. ಬರಹ ರೂಪದ ಮಾರ್ಗದರ್ಶಿಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಇವೆ, 1995ರಲ್ಲಿ ಶುರುವಾದ ಗೇಮ್‌ಫ್ಯಾಕ್ಸ್‌ನಲ್ಲಿ ಆಟದ ಹುಚ್ಚಿಗೆ ಬಿದ್ದವರು ಪ್ರೀತಿಯಿಂದ ಬರೆದದ್ದು ರಾಶಿ ಇದೆ. ಉತ್ತರ ನಿಮ್ಮ ಬಳಿ ಇರಲಿ. ಅವಳು ಸಿಕ್ಕಿಹಾಕಿಕೊಂಡಾಗ ಮೊದಲು ಅವಳ ಪ್ರಶ್ನೆ ಏನೆಂದು ಕೇಳಿ. ‘ಆಗುತ್ತಿಲ್ಲ ಅಪ್ಪ’ ಎಂಬುದು ಪ್ರಶ್ನೆಯಲ್ಲ. ‘ಚೆಂಡು ಎರಡನೇ ತಿರುವಿನಲ್ಲಿ ಬೀಳುತ್ತದೆ’ ಎಂಬುದು ಪ್ರಶ್ನೆ. ಅಷ್ಟು ಬಿಡಿಸಿ ಹೇಳುವ ಹೊತ್ತಿಗೆ ಎಷ್ಟೋ ಸಲ ಅವಳಿಗೇ ಹೊಳೆದಿರುತ್ತದೆ. ಹೊಳೆಯದಿದ್ದರೆ ಮೊದಲ ಚೌಕದಷ್ಟು ಹೇಳಿ. ಮರುದಿನವೂ ಆಗದಿದ್ದರೆ ಎರಡನೆಯದು. ಪೂರ್ತಿ ಉತ್ತರ ಕೊಡುವ ದಿನ ಬಂದರೆ ಕೊಟ್ಟುಬಿಡಿ, ಮುಖ ಸಪ್ಪಗೆ ಮಾಡಬೇಡಿ. ಗುಡಿಗಳು 120 ಇವೆ.

ಒಂದು ವಿಷಯದಲ್ಲಿ ಮಾತ್ರ ಅವಳು ಧಾರಾಳವಾಗಿ ನಕ್ಷೆ ನೋಡಲಿ. ಆ ಆಟದಲ್ಲಿ ಕೊರೊಕ್ ಬೀಜಗಳು 900 ಅಡಗಿವೆ. ಸಾಮಾನು ಇಡುವ ಜಾಗವನ್ನು ಪೂರ್ತಿ ಹಿಗ್ಗಿಸಿಕೊಳ್ಳಲು 441 ಸಾಕು. ಉಳಿದದ್ದನ್ನು ಕಲ್ಲು ಕಲ್ಲು ಎತ್ತಿ ಹುಡುಕುತ್ತಾ ಕಣ್ಣು ಕೆಡಿಸಿಕೊಳ್ಳುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ.

ನಿಮ್ಮ ಪತ್ರದಿಂದ ನಮ್ಮ ಅಂಕಣಕ್ಕೂ ಒಂದು ಲಾಭವಾಗಿದೆ. ಮುಂದಿನ ಸಂಚಿಕೆಯಿಂದ ಒಂದೊಂದು ಆಟದ ಕಠಿಣ ಜಾಗಗಳಿಗೆ ಕನ್ನಡದಲ್ಲಿ ಮೂರು ಹಂತದ ಸುಳಿವು ಕೊಡುತ್ತೇವೆ. ಮೊದಲೆರಡು ಅಂಕಣದಲ್ಲೇ ಇರುತ್ತವೆ. ಮೂರನೆಯದನ್ನು, ಪದಬಂಧದ ಉತ್ತರದಂತೆ, ಬೇರೆ ಪುಟದಲ್ಲಿ ತಲೆಕೆಳಗಾಗಿ ಅಚ್ಚು ಹಾಕುತ್ತೇವೆ. ಸುಳಿವು ಬರೆಯಲು ಬಲ್ಲ ಓದುಗರಿದ್ದರೆ ಕಳುಹಿಸಲಿ, ನಿಮ್ಮ ಮಗಳಿಗೂ ಹೇಳಿ.

ಜೆಲ್ಡಾ ಮುಗಿದ ಮೇಲೆ ಅಪ್ಪ ಮಗಳು ಕೂಡಿ ಆಡಲು 2022ರ ‘ಟ್ಯೂನಿಕ್’ ಇದೆ. ಸ್ವಿಚ್‌ನಲ್ಲೂ ಸಿಗುತ್ತದೆ. ಕೆನಡಾದ ಆಂಡ್ರ್ಯೂ ಶೌಲ್ಡಿಸ್ ರೂಪಿಸಿದ ಈ ಆಟದಲ್ಲಿ ಒಂದು ಪುಟ್ಟ ನರಿ, ಮಾರ್ಗದರ್ಶಿ ಪುಸ್ತಕದ ಚದುರಿದ ಪುಟಗಳನ್ನು ಒಂದೊಂದಾಗಿ ಹೆಕ್ಕುತ್ತಾ ಹೋಗುತ್ತದೆ. ಆ ಪುಟಗಳಲ್ಲಿರುವ ಬರಹದ ಬಹುಪಾಲು ಯಾವ ದೇಶದ್ದೂ ಅಲ್ಲದ, ಆಟಕ್ಕೆಂದೇ ಕಟ್ಟಿದ ಲಿಪಿಯಲ್ಲಿದೆ. ಚಿತ್ರ, ಬಾಣದ ಗುರುತು, ಅಂಚಿನಲ್ಲಿ ಯಾರೋ ಪೆನ್ನಿನಿಂದ ಗೀಚಿದ ಟಿಪ್ಪಣಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಅದರ ಮುಂದೆ ಇಂಗ್ಲಿಷ್ ಬಲ್ಲವರೂ ನಮ್ಮ ಮಕ್ಕಳೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಆ ಆಟಕ್ಕೆ ಮಾತ್ರ ಹೊರಗಿನ ಮಾರ್ಗದರ್ಶಿಯನ್ನು ಮುಟ್ಟಬೇಡಿ. ಅವಳಷ್ಟೇ ಅಲ್ಲ, ನೀವೂ.

— ಸಂಪಾದಕ