ಭಾನುವಾರದ ಸವಾರಿಗಾದರೆ ಇಂಟರ್‌ಸೆಪ್ಟರ್ ತಗೊಳ್ಳಿ

ನಮಸ್ಕಾರ ರೀ. ಸೆಕೆಂಡ್ ಹ್ಯಾಂಡ್ ಬೈಕ್ ನೋಡ್ತಿದ್ದೀರಿ: ರಾಯಲ್ ಎನ್‌ಫೀಲ್ಡ್‌ನ 2019ರ ಇಂಟರ್‌ಸೆಪ್ಟರ್ 650, ಇಲ್ಲಾ ಅದೇ ವರ್ಷದ ಕವಾಸಾಕಿ ವರ್ಸಿಸ್ 650. ಕಲಬುರಗಿಯಿಂದ ಭಾನುವಾರ ಬೀದರ್, ಬಸವಕಲ್ಯಾಣದ ಕಡೆ ಸುತ್ತಲು ಯಾವುದು ಅಂತ ಕೇಳಿದ್ದೀರಿ. ನಾನಾದರೆ ಇಂಟರ್‌ಸೆಪ್ಟರ್ ತಗೊಳ್ಳುತ್ತೇನೆ.

ವರ್ಸಿಸ್‌ನ 21 ಲೀಟರ್ ಟ್ಯಾಂಕ್ ದೂರದ ಊರಿಗೆ ಚೆಂದ. ಬೀದರ್‌ಗೆ ಹೋಗಿ ಬರಲು ಇಂಟರ್‌ಸೆಪ್ಟರ್‌ನ 13.7 ಲೀಟರೇ ಸಾಕು, ಅಲ್ವಾ? ಸೀಟೂ ತಗ್ಗು, ಕಾಲು ಆರಾಮಾಗಿ ನೆಲಕ್ಕೆ ಸಿಗುತ್ತದೆ.

ಆದರೆ ಇಂಟರ್‌ಸೆಪ್ಟರ್‌ದು ಕಡ್ಡಿ ಚಕ್ರ, ಟ್ಯೂಬ್ ಟೈರ್. ಹುಮನಾಬಾದ್ ದಾಟಿ ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು. ಒಂದು ಟ್ಯೂಬ್, ಟೈರ್ ಲಿವರ್ (ಟೈರ್ ಬಿಚ್ಚುವ ಸಲಾಕೆ), ಪಂಪ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ನೋಡಲು ಹೋದಾಗ ಎಂಜಿನ್ ಮುಟ್ಟಿ ನೋಡಿ. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ, ಬಿಸಿಯಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗೋದಿಲ್ಲ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಮುಂದಿನ ಫೋರ್ಕ್‌ನಲ್ಲಿ (ಮುಂದಿನ ಚಕ್ರ ಹಿಡಿದಿರುವ ಶಾಕ್ ಕೊಳವೆಗಳಲ್ಲಿ) ಎಣ್ಣೆ ಜಿನುಗಿದೆಯಾ, ಬೆರಳಿಟ್ಟು ನೋಡಿ.